ಚಂಡಕೇತು ಕಚ್ಚಿದ ಬಟ್ಟೆ

ಸಂಖ, ತಾ. ಜತ್ತ
14 ಜುಲೈ 2024

ಮಗಳು ಅಲ್ಮಾಸಗೆ ಇಸಾಕ ಕಾಕಾನ ದುವಾ.

ಗಂಟೆ ಬಾರಿಸಿ, ಪರದೆ ಎಳೆದು, ಸೋಮನಿಂಗಪ್ಪ ಮಾಸ್ತರರ ಕೈ ಹಾರ್ಮೋನಿಯಂ ಮೇಲೆ ಒಂದು ಸುತ್ತು ಓಡಿದ ಮೇಲೆ ಹೇಳಬೇಕಾದ ಸುದ್ದಿ ಇದು. ಪರದೆ ಇಲ್ಲ, ಪೆಟ್ಟಿಗೆ ಇಲ್ಲ, ಬರೀ ಕಾಗದ ಐತಿ. ಆದರೂ ಕೇಳು. ನನ್ನ ಮಗ, ನಿನ್ನ ತಮ್ಮ ಅಮಜದನಿಗೆ ಮುದ್ರೆ ಬಿತ್ತು.

ನಿಮ್ಮಪ್ಪ, ನನ್ನ ಅಣ್ಣ ಅಸ್ಲಮ್, ತೀರಿಕೊಂಡಾಗ ನೀನು ಹನ್ನೊಂದು ವರ್ಷದ ಹುಡುಗಿ. ನಿಮ್ಮವ್ವ ಕಾಸೀಂಬಿ ಭಾಬಿ ನಿನ್ನ ಕೈ ಹಿಡಕೊಂಡು ಸಾಂಗಲಿಗೆ ತವರಿಗೆ ಹೋದರು. ಹಿಂಗಾಗಿ ಮುದ್ರೆಯ ಕಥೆ ನಿನಗ ಅರ್ಧ ಗೊತ್ತಿರಬೇಕು, ಅರ್ಧ ಮರೆತಿರಬೇಕು. ನಿನ್ನ ಅಜ್ಜ ಮೀರಾಸಾಬ ಕಟ್ಟಿದ ನಮ್ಮೂರ ಆಟದೊಳಗ ಚಂಡಕೇತು ಅನ್ನೋ ರಾಜ ಇದ್ದಾನ. ರಾಜ್ಯ ಕಳಕೊಂಡವ. ಮೂರನೆಯ ಅಂಕದೊಳಗ ಆ ರಾಜ ಶಪಥ ಮಾಡಿ, ನೀರು ತುಂಬಿದ ತಾಮ್ರದ ಕೊಡದ ಕಂಠವನ್ನು ಹಲ್ಲಿನಿಂದ ಕಚ್ಚಿ ನೆಲ ಬಿಡಿಸಿ ಎತ್ತತಾನ. ಕೈ ಎರಡೂ ಬೆನ್ನ ಹಿಂದ. ರಂಗದ ಮೇಲೆ ಒಂದು ಸುತ್ತು ಹಾಕಿ, ಒಂದು ಹನಿ ಚೆಲ್ಲದಂತೆ ಇಳಿಸಿ, ಆಮೇಲೆ ನಗತಾನ. ಜನ ಬರೂದು ಅದಕ್ಕ. ಉಳಿದ ನಾಲ್ಕು ತಾಸಿನ ಆಟ ಆ ನಗುವಿಗೆ ಹಾಸಿದ ಚಾಪೆ.

ಹಲ್ಲು ಜಾರಬಾರದಂತ ಕಂಠದ ಮೇಲೆ ಮಡಚಿದ ಬಿಳಿ ಬಟ್ಟೆ ಇಡತೀವಿ. ಹೊಸಬ ತಾಲೀಮಿನ ಮನೆಯಲ್ಲಿ ಮೊದಲ ಸಲ ಕೊಡ ಎತ್ತಿದ ಮೇಲೆ ಎಲ್ಲರ ಮುಂದ ಆ ಬಟ್ಟೆ ಬಿಚ್ಚಿ ನೋಡೂದು ರೂಢಿ. ಕೆಂಪು ಬಿದ್ದಿದ್ದರೆ ಪಾತ್ರ ಅವನನ್ನು ಒಪ್ಪಿತು. ಬೆಳ್ಳಗೆ ಉಳಿದರೆ ಭಾಲೆ ಹಿಡಿದು ಸೈನಿಕನಾಗಿ ನಿಲ್ಲು ಅಂತ ಅರ್ಥ. ನಿನ್ನ ಅಜ್ಜನ ಬಟ್ಟೆ ಕೆಂಪಾಗಿತ್ತು, ನಿಮ್ಮಪ್ಪನದು ಆಗಿತ್ತು, ನನ್ನದು ಆಗಿತ್ತು. ಮೊನ್ನೆ ಅಮಜದನ ಬಟ್ಟೆ ಬಿಚ್ಚಿದಾಗ ಕುಂಕುಮ ಚೆಲ್ಲಿದಂಗ ಇತ್ತು. ನಿನ್ನ ಸುಲತಾನಾ ಕಾಕಿ ಸಕ್ಕರಿ ಹಂಚಿದಳು.

ಮುಂದಿನ ಯುಗಾದಿಗೆ ಆಟ. ಅಲ್ಲಿತನಕ ನಾನೇ ರಾಜ, ಆಮೇಲೆ ಅವನು. ನೀನು ಬರಬೇಕು.

ಫೋನ್ ಯಾಕ ಎತ್ತೂದಿಲ್ಲಂತ ಕೇಳಿ ಕಳಿಸಿದಿ. ಮೈಕ್ ಇಲ್ಲದೇ, ಗುಡ್ಡಾಪುರದ ತನಕ ಕೇಳಿಸಿದ ದನಿ ಇದು. ಅಂಗೈಯಷ್ಟು ಡಬ್ಬಿಯೊಳಗ ಹಿಡಿಯೂದಿಲ್ಲ. ಪತ್ರ ಬರಿ.

ನಿನ್ನ ಕಾಕಾ,
ಇಸಾಕ


ಸಾಂಗಲಿ
22 ಜುಲೈ 2024

ಪ್ರೀತಿಯ ಕಾಕಾ, ಸಲಾಮ.

ಪತ್ರ ಮುಟ್ಟಿತು. ಅಮ್ಮನಿಗೆ ಓದಿ ಹೇಳಿದೆ. ಕೊಡದ ಮಾತು ಬಂದಾಗ ನಗುತ್ತ ಕೇಳಿದಳು. ಬಟ್ಟೆಯ ಮಾತು ಬಂದಾಗ ಎದ್ದು ಅಡುಗೆಮನೆಗೆ ಹೋದಳು. ಯಾಕೆ ಅಂತ ಕೇಳಿದರೆ ಹಾಲು ಉಕ್ಕುತ್ತದೆ ಅಂದಳು. ಒಲೆಯ ಮೇಲೆ ಹಾಲು ಇರಲಿಲ್ಲ.

ನಾನು ಈಗ ಏನು ಕಲಿಯುತ್ತಿದ್ದೇನೆ ಅಂತ ನಿಮಗೆ ಸರಿಯಾಗಿ ಹೇಳಿಲ್ಲ. ಹಲ್ಲಿನ ಡಾಕ್ಟರಿಕೆ ಮುಗಿಸಿ, ಅದರ ಮೇಲಿನ ಓದಿಗೆ ಒಸಡಿನ ವಿಭಾಗ ತೆಗೆದುಕೊಂಡಿದ್ದೇನೆ. ಬೆಳಿಗ್ಗೆಯಿಂದ ಸಂಜೆತನಕ ಜನರ ಒಸಡು ನೋಡುವುದೇ ಕೆಲಸ. ಬ್ರಶ್ ಹಚ್ಚಿದರೆ, ಗಜ್ಜರಿ ಕಚ್ಚಿದರೆ ರಕ್ತ ಬರುತ್ತದೆ ಅಂದವರ ಕಾಗದದ ಮೇಲೆ ನಾವು ಬರೆಯುವ ರೋಗದ ಮೊದಲನೆಯ ಗುರುತು ಅದೇ. ನೀವು ಅದಕ್ಕೆ ಸಕ್ಕರೆ ಹಂಚಿದಿರಿ.

ಕೆಲವು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಅಮಜದನಿಗೆ ಹಲ್ಲು ತಿಕ್ಕುವಾಗಲೂ ರಕ್ತ ಬರುತ್ತದೆಯೇ? ಮುದ್ರೆ ಬಿದ್ದವರ ಹಲ್ಲು ಯಾವ ವಯಸ್ಸಿಗೆ ಅಲುಗಾಡತೊಡಗಿದವು? ಅವರು ಏನಾಗಿ ತೀರಿಕೊಂಡರು? ಕೊಡ ಎತ್ತಿಯೂ ಬಟ್ಟೆ ಬೆಳ್ಳಗೆ ಉಳಿದವರು ಯಾರಾದರೂ ಇದ್ದಾರೆಯೇ?

ಮತ್ತೆ, ನಿಮ್ಮ ಹಲ್ಲು ಹೇಗಿವೆ?

ಮರಾಠಿ ಸಾಲಿಯಲ್ಲಿ ಕಲಿತವಳ ಕನ್ನಡ ಇದು. ಅಮ್ಮ ಪಕ್ಕದಲ್ಲಿ ಕೂತು ಅಕ್ಷರ ಹೇಳಿಕೊಟ್ಟಿದ್ದಾಳೆ.

ನಿಮ್ಮ
ಅಲ್ಮಾಸ


ಸಂಖ
9 ಆಗಸ್ಟ್ 2024

ಮಗಳಿಗೆ ದುವಾ.

ನೀನು ಡಾಕ್ಟರು, ನಾನು ಹೊಲಿಗೆ ಮಷೀನ್ ತುಳಿಯೂ ಟೇಲರ್. ಆದರ ವಂಶಾವಳಿ ಹೇಳೂದರೊಳಗ ನನ್ನ ಮುಂದ ನಿಂತವರಿಲ್ಲ. ದೀಪ ಸಣ್ಣ ಮಾಡು, ಕೇಳು.

ನಿನ್ನ ಅಜ್ಜ ಮೀರಾಸಾಬ. ರಂಗದ ಮೇಲೆ ಬಂದರೆ ಹಿಂದಿನ ಸಾಲಿನ ಎತ್ತು ಕಿವಿ ನಿಗರಿಸತಿದ್ದವು. ನಲವತ್ತು ದಾಟುತ್ತಲೇ ಹಲ್ಲು ಗಾಳಿಗೆ ಜೋಳದ ದಂಟು ತೂಗಿದಂಗ ತೂಗಾಕ ಹತ್ತಿದವು. ಜತ್ತದ ಸಂತೆಯೊಳಗ ಹಲ್ಲು ಕೀಳೂ ಒಬ್ಬವನ ಮುಂದ ಕುಂತು ಕೀಳಿಸಿಕೊಂಡ. ಆ ತಿಂಗಳು ಮುಗಿಯೂದರೊಳಗ ಅಂಗಡಿ ಕಟ್ಟೆಯ ಮೇಲೆ ಎದೆ ಹಿಡಕೊಂಡು ಕುಂತವ ಏಳಲಿಲ್ಲ.

ಆಮೇಲೆ ನಿಮ್ಮಪ್ಪ. ಬಿಳೂರೊಳಗ ಒಂದು ಸಲ ಆಟ ಆಡಿದಾಗ ಅವನ ನಗು ಕೇಳಿ ಕೂಸುಗಳು ಅತ್ತು, ದೊಡ್ಡವರು ಮತ್ತೊಮ್ಮೆ ನಗು ಅಂದರು. ಅವನದೂ ಹಂಗ ಆತು. ಹಲ್ಲು ಸಡಿಲ ಆದವು, ದವಾಖಾನಿಯೊಳಗ ದವಡೆಯವು ತೆಗೆಸಿದ, ಅದೇ ಚಳಿಗಾಲದೊಳಗ ಹೋದ. ನಲವತ್ತೈದು ತುಂಬಿತ್ತು.

ಅವತ್ತ ನನ್ನ ಅವ್ವ, ನಿನ್ನ ಅಜ್ಜಿ, ಕೈ ಮೇಲೆ ಕೈ ಇಡಿಸಿ ಆಣೆ ತಗೊಂಡಳು. ನಮ್ಮ ಮನಿಯೊಳಗ ಯಾರೂ ಹಲ್ಲಿಗೆ ಇಕ್ಕಳ ಮುಟ್ಟಿಸಬಾರದು, ದವಾಖಾನಿಯ ಕುರ್ಚಿ ಹತ್ತಬಾರದು. ಕೀಳಿಸಿದವರು ಹೋದರು. ಕೀಳಿಸದ ನಾನು ಐವತ್ತಾರರೊಳಗ ಇದ್ದೀನಿ. ಇನ್ನೇನು ಸಾಕ್ಷಿ ಬೇಕು?

ಬಟ್ಟೆ ಬೆಳ್ಳಗೆ ಉಳಿದವನ ಹೆಸರು ಸಿದ್ದಾರೂಢ, ಹಾರ್ಮೋನಿಯಂ ಸೋಮನಿಂಗಪ್ಪ ಮಾಸ್ತರರ ಮಗ. ಆ ಹುಡುಗ ಕೊಡ ಕಚ್ಚಿ ಒಂದಲ್ಲ ಎರಡು ಸುತ್ತು ಹಾಕಿದ. ಬಟ್ಟೆ ಬೆಳ್ಳಕ್ಕಿಯಂಗ ಇತ್ತು. ಏನು ಮಾಡೂದು, ಪಾತ್ರ ಒಪ್ಪಲಿಲ್ಲ. ಹತ್ತು ವರ್ಷದಿಂದ ಭಾಲೆ ಹಿಡಕೊಂಡು ನಿಂತಾನ. ಅವರಪ್ಪ ಇನ್ನೂ ಮರೆತಿಲ್ಲ. ನಾನು ಹಾಡೂ ಹೊತ್ತಿಗೆ ಬೇಕಂತ ಸ್ವರ ಏರಿಸತಾರ.

ಅಮಜದನಿಗೆ ಬ್ರಶ್ ಹಚ್ಚಿದರ ಕೆಂಪು ನೀರು ಬರತೈತಿ. ನಮ್ಮಲ್ಲಿ ಎಲ್ಲರಿಗೂ ಹಂಗ. ಅದಕ್ಕ ಬ್ರಶ್ ಬಿಟ್ಟಾನ, ಬೆರಳಿಂದ ತಿಕ್ಕತಾನ.

ನನ್ನ ಹಲ್ಲು ನನ್ನ ಬಾಯೊಳಗ ಅದಾವ. ಅಷ್ಟು ಸಾಕು.

ಇಸಾಕ ಕಾಕಾ


ಸಾಂಗಲಿ
25 ಆಗಸ್ಟ್ 2024

ಕಾಕಾ, ಸಲಾಮ.

ನಿಮ್ಮ ಪತ್ರವನ್ನು ಬಹಳ ಸಲ ಓದಿದೆ. ಅಪ್ಪನ ಬಗ್ಗೆ ಇಷ್ಟು ಯಾರೂ ಹೇಳಿರಲಿಲ್ಲ.

ನೀವು ನೋಡಿದ್ದು ಖರೆ. ನಮ್ಮ ಮನೆಯಲ್ಲಿ ಹಲ್ಲು ಹೋದವರ ಎದೆಯೂ ಹೋಯಿತು. ಆದರೆ ಹಲ್ಲು ಕಿತ್ತದ್ದಕ್ಕೆ ಎದೆ ಹೋಗಲಿಲ್ಲ. ಕೀಳಿಸುವ ಹೊತ್ತಿಗೆ ಎರಡೂ ಒಳಗೊಳಗೆ ಕೆಟ್ಟಿದ್ದವು. ಹಲ್ಲು ಮೊದಲು ಕಣ್ಣಿಗೆ ಬಿತ್ತು, ಎದೆ ಆಮೇಲೆ ಬಿತ್ತು, ಅಷ್ಟೇ.

ಹೇಗೆ ಅಂತ ಹೇಳುತ್ತೇನೆ. ಹಲ್ಲಿನ ಬುಡದಲ್ಲಿ ಎಲ್ಲರಿಗೂ ಸೂಕ್ಷ್ಮಜೀವಿಗಳ ಅಂಟು ಕೂಡುತ್ತದೆ. ಅದನ್ನು ಓಡಿಸಲಿಕ್ಕೆ ಶರೀರ ತನ್ನ ಕಾವಲುಗಾರರನ್ನು ಕಳಿಸುತ್ತದೆ. ಆಗ ಜಾಗ ಕೆಂಪಾಗಿ ಬಾತುಕೊಳ್ಳುತ್ತದೆ. ಅದಕ್ಕೆ ಉರಿಯೂತ ಅನ್ನುತ್ತೇವೆ. ಬಹಳ ಮಂದಿಯಲ್ಲಿ ಅದು ಹತೋಟಿಯಲ್ಲಿ ಇರುತ್ತದೆ. ಕೆಲವು ಮನೆತನಗಳಲ್ಲಿ ಕಾವಲುಗಾರರು ಬೇಕಾದದ್ದಕ್ಕಿಂತ ಹೆಚ್ಚು ಬರುತ್ತಾರೆ, ಬಂದವರು ಹೋಗುವುದಿಲ್ಲ. ಕಳ್ಳನನ್ನು ಹುಡುಕುತ್ತ ಮನೆಯ ಗೋಡೆಯನ್ನೇ ಕೆಡವುತ್ತಾರೆ. ಆ ಗೋಡೆ ಅಂದರೆ ಹಲ್ಲು ಹಿಡಿದ ಎಲುಬು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಗೋಡೆಯಲ್ಲಿ ಕೊಬ್ಬು ಕೂತು ದಾರಿ ಕಟ್ಟುವುದರಲ್ಲೂ ಇದೇ ಉರಿಯೂತದ ಕೈ ಇದೆ.

ಶರೀರ ಎಷ್ಟು ಜೋರಾಗಿ ಕೆರಳಬೇಕು ಅನ್ನುವುದರಲ್ಲಿ ಒಂದು ಭಾಗ ತಂದೆತಾಯಿಯಿಂದ ಬಂದ ಜೀನುಗಳಲ್ಲಿ ಇರುತ್ತದೆ. ಸಣ್ಣ ವಯಸ್ಸಿಗೆ ಒಸಡು ಕೆಟ್ಟವರಲ್ಲೂ ಹೃದಯದ ನಾಳ ಕಟ್ಟಿದವರಲ್ಲೂ ಹೆಚ್ಚಾಗಿ ಕಾಣುವ ಕೆಲವು ಜೀನುಗಳ ಜಾಗ ಒಂದೇ ಅಂತ ಸಂಶೋಧಕರು ಕಂಡಿದ್ದಾರೆ. ಹಾಗಂತ ಇದು ಹಣೆಬರಹ ಅಲ್ಲ. ತಂಬಾಕು, ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಸೇರಿ ಆಗುವುದು. ನೀವು ತಂಬಾಕು ಬಿಟ್ಟಿಲ್ಲ ಅಂತ ನನಗೆ ಗೊತ್ತು. ನಮಗೆ ಕಲಿಸುವ ಮೇಡಮ್ ಹೇಳುತ್ತಾರೆ, ಒಂದು ಮನೆಯ ಕಥೆಯಿಂದ ವಿಜ್ಞಾನ ಆಗುವುದಿಲ್ಲ ಅಂತ. ಒಸಡು ಸರಿ ಮಾಡಿದರೆ ಹೃದಯಾಘಾತ ತಪ್ಪುತ್ತದೆ ಅಂತ ಇನ್ನೂ ಯಾರೂ ಸಾಬೀತು ಮಾಡಿಲ್ಲ. ನಿಮಗೆ ಸುಳ್ಳು ಆಸೆ ಹಚ್ಚುವುದಿಲ್ಲ. ಒಸಡು ಸರಿಯಾದರೆ ಹಲ್ಲು ಉಳಿಯುತ್ತವೆ. ಆದರೆ ಎರಡೂ ಬಂದ ಮನೆಯವರು ಎದೆ ತೋರಿಸದೆ ಕೂಡಬಾರದು.

ಈಗ ಮುದ್ರೆಯ ಮಾತು. ಅಜ್ಜ ಮಾಡಿದ ಪರೀಕ್ಷೆ ಕೊಡ ಎತ್ತುವವನನ್ನು ಆರಿಸಲಿಲ್ಲ. ಅದು ಒಸಡು ಕೆಟ್ಟವನನ್ನು ಆರಿಸಿತು. ಕೊಡ ಎತ್ತಲು ಎಲ್ಲರಿಗಿಂತ ತಕ್ಕವನನ್ನು ನೀವು ಭಾಲೆ ಕೊಟ್ಟು ನಿಲ್ಲಿಸಿದಿರಿ.

ನನ್ನದೂ ಹೇಳಿಬಿಡುತ್ತೇನೆ. ಮೊದಲ ವರ್ಷ ನಾವು ಒಬ್ಬರ ಬಾಯಿ ಒಬ್ಬರು ಪರೀಕ್ಷೆ ಮಾಡುವಾಗ ನನ್ನ ಗೆಳತಿ ಸುನಿತಾ ಅಳತೆಯ ಕಡ್ಡಿ ನನ್ನ ಒಸಡಿನಲ್ಲಿ ಇಟ್ಟು, ಹರಟೆ ಹೊಡೆಯುತ್ತಿದ್ದವಳು ಸುಮ್ಮನಾದಳು. ಕೊಡ ಎತ್ತದೆಯೇ ನನಗೂ ಮುದ್ರೆ ಬಿದ್ದಿದೆ.

ನೀವೂ ಅಮಜದನೂ ಬನ್ನಿ. ಮೊದಲು ನಿಮ್ಮ ಎದೆ, ಆಮೇಲೆ ಅವನ ಒಸಡು.

ನಿಮ್ಮ
ಅಲ್ಮಾಸ


ಸಂಖ
20 ಅಕ್ಟೋಬರ್ 2024

ಅಲ್ಮಾಸ, ನಿನ್ನ ಸುಲತಾನಾ ಕಾಕಿ ಬರಿಯೂದು. ಅವರಿಗೆ ಗೊತ್ತಿಲ್ಲ.

ನಿನ್ನ ಪತ್ರ ಓದಿದರು. ಓದಿ ಮಡಚಿ ವೇಷದ ಪೆಟ್ಟಿಗೆಯೊಳಗ ಇಟ್ಟರು. ಅವತ್ತಿಂದ ಅದರ ಮಾತಿಲ್ಲ. ಅಮಜದ ಸಾಂಗಲಿಗೆ ಹೋಗಲೇನು ಅಂತ ಕೇಳಿದ. ಆಟ ಆಗಲಿ ಅಂದರು.

ಮುಂದಿನ ಎರಡು ಹಲ್ಲು ಕಿರೀಟಕ್ಕ ಹಚ್ಚೂ ತಂತಿಲೆ ಕಟಗೊಂಡಾರ. ಸ ಅನ್ನಾಕ ಹೋದರ ಸೀಟಿ ಬರತೈತಿ. ಅದಕ್ಕ ಫೋನ್ ಎತ್ತೂದಿಲ್ಲ. ಗುಡ್ಡಾಪುರದ ತನಕ ಕೇಳಸೂ ದನಿ ಅಂತ ನಿನಗ ಬರದಾರಂತಲ್ಲ, ಈಗ ಮನಿಯೊಳಗ ಸನ್ನೀಲೆ ಮಾತಾಡತಾರ. ರೊಟ್ಟಿ ಸಾರಿನ್ಯಾಗ ನೆನಸಿ ನುಂಗತಾರ. ಅಂಗಡ್ಯಾಗ ದಾರ ಹಲ್ಲೀಲೆ ಕಡೀತಿದ್ದವರು ಈಗ ಕತ್ತರಿ ಹುಡುಕತಾರ.

ಹಲ್ಲಿಂದ ಅಲ್ಲ ನನ್ನ ಚಿಂತಿ. ಅಂಗಡಿಯಿಂದ ಮನಿಗೆ ಬರೂ ಏರಿನ್ಯಾಗ ನಡುವ ನಿಂದರತಾರ. ಯಾರರ ಕಂಡರ ಮುಗಿಲು ನೋಡಿದಂಗ ಮಾಡತಾರ. ಎಡಗೈ ಜಗ್ಗತೈತಿ ಅಂತಾರ, ಗ್ಯಾಸ್ ಅಂತಾರ, ಸೋಡಾ ಕುಡೀತಾರ. ತಾಲೀಮಿನ್ಯಾಗ ಕೊಡ ಅರ್ಧ ತುಂಬಸಿ, ಕೈಯೀಲೆ ಆಸರ ಕೊಟ್ಟು ಎತ್ತತಾರ. ಸೋಮನಿಂಗಪ್ಪ ಮಾಸ್ತರಗ ಗೊತ್ತಾಗೈತಿ, ಅವರೂ ಹೇಳಂಗಿಲ್ಲ.

ನೀ ಬೈಯೂದು ಬ್ಯಾಡ. ಬೈದರ ಡೈಲಾಗ್ ಹೊಡೀತಾರ. ಬ್ಯಾರೆ ಏನರ ಮಾಡು. ಲಗೂನ ಮಾಡು.

ನಿನ್ನ ಕಾಕಿ
ಸುಲತಾನಾ


ಸಾಂಗಲಿ
27 ಅಕ್ಟೋಬರ್ 2024

ಕಾಕಾ, ಸಲಾಮ.

ಇನ್ನು ವಿಜ್ಞಾನ ಬರೆಯುವುದಿಲ್ಲ. ಒಂದು ಕೆಲಸ ಹೇಳುತ್ತೇನೆ, ಮಾಡಿ.

ಅಜ್ಜ ಕಚ್ಚಿದ ಬಟ್ಟೆ, ಅಪ್ಪ ಕಚ್ಚಿದ ಬಟ್ಟೆ ವೇಷದ ಪೆಟ್ಟಿಗೆಯ ತಳದಲ್ಲಿ ಇರುತ್ತವೆ ಅಂತ ಅಮ್ಮ ಹೇಳಿದಳು. ನಿಮ್ಮದೂ ಇರಬೇಕು. ಹಗಲು ಬೆಳಕಿನಲ್ಲಿ ಅವನ್ನು ಒಂದರ ಪಕ್ಕ ಒಂದು ಹಾಸಿ. ಕೊನೆಗೆ ಅಮಜದನದು ಇಡಿ. ಒಂದು ಸಲ ನೋಡಿ.

ನೋಡಿದ ಮೇಲೂ ಅವನಿಗೆ ಆ ಪಾತ್ರ ಕೊಡಬೇಕು ಅನಿಸಿದರೆ ಕೊಡಿ. ನಾನು ಬಂದು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ.

ಇಲ್ಲಿಗೆ ಬಂದರೆ ಯಾರೂ ನಿಮ್ಮ ಹಲ್ಲಿಗೆ ಇಕ್ಕಳ ಮುಟ್ಟಿಸುವುದಿಲ್ಲ. ಅಜ್ಜಿಯ ಆಣೆಗೆ ನಾನು ಜವಾಬ್ದಾರಿ. ಎದೆ ತೋರಿಸಬಾರದು ಅಂತ ಆಣೆ ಇಲ್ಲವಲ್ಲ.

ದಾರ ಕತ್ತರಿಸಲು ಕತ್ತರಿ ಹುಡುಕುವ ಟೇಲರ್‌ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ನಿಮ್ಮ
ಅಲ್ಮಾಸ


ಸಂಖ
30 ಡಿಸೆಂಬರ್ 2024

ಮಗಳು ಅಲ್ಮಾಸಗೆ, ಹೊಸ ತಂತಿ ಹಾಕಿಸಿಕೊಂಡು ಬಂದ ಇಸಾಕ ಕಾಕಾನ ದುವಾ.

ಹಾಸಿಗೆಯ ಮೇಲೆ ಬರೆಯಾಕತ್ತೀನಿ. ತಂಬಾಕಿನ ಡಬ್ಬಿ ನಿನ್ನ ಕಾಕಿ ಎಲ್ಲಿ ಇಟ್ಟಾಳೋ ಗೊತ್ತಿಲ್ಲ. ಕೇಳಿದರ ಹೊಳಿ ಕಡೆ ಕೈ ತೋರಸತಾಳ. ಏರು ನಿಲ್ಲದ ಹತ್ತಿದೆ. ಎದೆ ಏನೂ ಅನ್ನಲಿಲ್ಲ.

ದವಾಖಾನಿಯೊಳಗ ನೀನು ಕೇಳಿದಿ: ಕಾಕಾ, ಬರೂದಿಲ್ಲ ಅಂದವರು ಹೇಳದ ಕೇಳದ ಹೆಂಗ ಬಂದಿರಿ? ಭಾಬಿ ನನ್ನ ಕಾಲ ಹತ್ತಿರ ಕುಂತಿದ್ದರು, ಅವರ ಮುಂದ ಉತ್ತರ ಕೊಡೂದು ಬ್ಯಾಡ ಅನಿಸಿತು. ಈಗ ಕೊಡತೀನಿ. ಕತ್ತರಿಯ ಸುದ್ದಿ ನಿನಗ ಮುಟ್ಟಿಸಿದವರು ಯಾರಂತ ಕೇಳೂದಿಲ್ಲ. ನಮ್ಮ ಮನಿಯೊಳಗ ಗೂಢಚಾರರು ಒಬ್ಬರ ಇದ್ದಾರ.

ನಿನ್ನ ಕಡೆ ಹೊರಡೂ ಹಿಂದಿನ ದಿನ, ಶುಕ್ರವಾರ, ನಮಾಜ್ ಮುಗಿಸಿ ಬಂದು, ಅಂಗಡಿಯೊಳಗ ಅರಿವೆ ಕತ್ತರಿಸೂ ಹಲಗೆಯ ಮೇಲೆ ಬಟ್ಟೆಗಳನ್ನು ಹಾಸಿದೆ. ನಿನ್ನ ಅಜ್ಜನದು ಚಹಾದ ಬಣ್ಣಕ್ಕ ತಿರುಗಿತ್ತು. ನಿಮ್ಮಪ್ಪನದು ಅದಕ್ಕಿಂತ ತುಸು ಕೆಂಪು. ಆಮೇಲೆ ನನ್ನದು. ಆಮೇಲೆ ಅಮಜದನದು, ಇನ್ನೂ ಹಸಿ ಬಣ್ಣ. ಅಷ್ಟೊತ್ತಿಗೆ ಸೋಮನಿಂಗಪ್ಪ ಮಾಸ್ತರ ಮೊಮ್ಮಗನ ಚಡ್ಡಿ ಹೊಲಿಸಾಕ ಬಂದರು.

'ಏನ್ರಿ ಇಸಾಕಣ್ಣ, ರಾಜಮನೆತನದ ಅರಿವಿ ಬಿಸಲಿಗೆ ಹಾಕೀರಿ?'

'ಮಾಸ್ತರ, ಬಾಯಿ ಮುಚ್ಚಿಕೊಂಡು ನೋಡ್ರಿ.'

'ಬಾಯೀಲೆ ಎಲ್ಲಿ ನೋಡತಾರ, ಕಣ್ಣೀಲೆ ನೋಡತೀನಿ,' ಅಂದರು. ಬಗ್ಗಿ ನೋಡಿದರು. ನಾಲ್ಕೂ ಬಟ್ಟೆಯೊಳಗ ಕಲೆ ಒಂದೇ ಜಾಗದೊಳಗ, ಒಂದೇ ಆಕಾರದೊಳಗ. ಒಂದು ಅಚ್ಚಿನಿಂದ ಒತ್ತಿದಂಗ. ಮಾಸ್ತರರು ಮೊದಲನೆಯದರ ಮೇಲೆ ಬೆರಳಿಟ್ಟರು. 'ಇವರಿಲ್ಲ.' ಎರಡನೆಯದರ ಮೇಲೆ ಇಟ್ಟರು. 'ಇವರಿಲ್ಲ.' ಬೆರಳು ಮೂರನೆಯದಕ್ಕ ಬಂತು. ಹಿಂದಕ್ಕ ತಗೊಂಡು ಕಿಸೆಯೊಳಗ ಇಟ್ಟುಕೊಂಡರು.

ನಿನ್ನ ಪತ್ರ ತೆಗೆದು ಅವರಿಗೆ ಓದಿ ಹೇಳಿದೆ. ಸೀಟಿ ಹೊಡಕೋತನ ಓದಿದೆ. ಅವರು ನಗಲಿಲ್ಲ. ಮುಗಿದ ಮೇಲೆ, 'ಹಂಗಾದರ ಇಷ್ಟು ವರ್ಷ ನಿಮ್ಮ ಮಂದಿಯ ಒಸಡಿಗೆ ನಾವು ಊದಬತ್ತಿ ಬೆಳಗೀವಿ ಅನ್ರಿ,' ಅಂದರು.

'ಸಿದ್ದಾರೂಢನ ಬಟ್ಟೆ ಏನಾತು?' ಅಂತ ಕೇಳಿದೆ.

'ಅದಕ್ಕ ಏನಾಗತೈತಿ? ಮುದ್ರೆ ಬೀಳದ್ದು. ಅವರವ್ವ ಸಿದ್ದಲಿಂಗವ್ವ ಇನ್ನೂ ರೊಟ್ಟಿ ಸುತ್ತಿ ಇಡತಾಳ.'

ಅಷ್ಟರೊಳಗ ಅಮಜದ ಊಟದ ಡಬ್ಬಿ ತಗೊಂಡು ಬಂದ. ಹಲಗೆ ನೋಡಿದ. ತನ್ನ ಬಟ್ಟೆ ಗುರುತು ಹಿಡಿದ. 'ಅಬ್ಬಾ, ನಂದು ಅಜ್ಜಾ, ದೊಡ್ಡಪ್ಪನ ಸಾಲಿನ್ಯಾಗ ಯಾಕ ಇಟ್ಟೀರಿ?' ಅಂದ.

ಮೂವತ್ತು ವರ್ಷ ರಂಗದ ಮೇಲೆ ನಿಂತವ ನಾನು. ಎದುರಿನವ ಮಾತು ಮರೆತರೂ ಅವನ ಮಾತು ನಾನ ಆಡಿ, ನನ್ನ ಮಾತೂ ಆಡಿ ಆಟ ದಾಟಿಸಿದವ. ಆ ಹುಡುಗನಿಗೆ ಉತ್ತರ ಹೇಳೂ ಬದಲಿ ಅವನ ಬಟ್ಟೆಯನ್ನ ಸಾಲಿನಿಂದ ಎತ್ತಿ ದೂರ ಇಟ್ಟೆ. ಮರುದಿನ ಮೊದಲ ಎಸ್ಟಿ ಬಸ್ಸಿಗೆ ಹತ್ತಿದ್ದು ಅದಕ್ಕ. ಅವನನ್ನ ನಿನಗ ತೋರಸಬೇಕಾಗಿತ್ತು. ನನ್ನ ಎದೆ ಜೊತೆಗೆ ಬಂತು.

ಆಮೇಲಿಂದು ನಿನಗ ಗೊತ್ತು. ಇಸಿಜಿಯ ಕಾಗದ ನೋಡಿ ಡಾಕ್ಟರು ನನ್ನನ್ನ ಎದ್ದು ನಿಲ್ಲಾಕೂ ಬಿಡಲಿಲ್ಲ. ಮುಖ್ಯ ನಾಳ ಒಂದು ಹೆಚ್ಚು ಕಡಿಮಿ ಮುಚ್ಚಿತ್ತಂತ. ಕೈಯ ಮಣಿಕಟ್ಟಿನಿಂದ ತಂತಿ ಏರಿಸಿ ಬಲೆಯಂಥ ನಳಿಗೆ ಕೂಡಿಸಿದರು. ಇನ್ನೊಂದು ಸ್ವಲ್ಪ ದಿನ ತಡ ಆಗಿದ್ದರ ಅಂದರು, ಅರ್ಧಕ್ಕ ನಿಲ್ಲಿಸಿದರು. ನಾಟಕದವ ನಾನು, ಉಳಿದರ್ಧ ನನಗ ಬರತೈತಿ.

ಒಂದು ತಪ್ಪು ನಿನ್ನದೂ ಐತಿ. ಕಾವಲುಗಾರರು, ಕಳ್ಳ, ಗೋಡೆ ಅಂತ ಇಡೀ ಪುಟ ತುಂಬಿಸಿದಿ. ನಮ್ಮ ಭಾಷೆಯೊಳಗ ಅದು ಒಂದು ಸಾಲು. ನಮ್ಮ ಮನೆತನದ ಉರಿಯೂತಕ್ಕ ಪ್ರವೇಶ ಐತಿ, ನಿಷ್ಕ್ರಮಣ ಇಲ್ಲ. ಅಂಥ ನಟ ಒಬ್ಬ ಇದ್ದರ ಎಂಥ ಆಟವೂ ಕೆಡತೈತಿ.

ಆಟ ಯುಗಾದಿಗೇ ಆಗತೈತಿ. ರಾಜ ಯಾರಂತ ಇನ್ನೂ ಹೇಳಿಲ್ಲ.

ನಿನ್ನ ಕಾಕಾ,
ಇಸಾಕ


ಸಾಂಗಲಿ
10 ಫೆಬ್ರವರಿ 2025

ಕಾಕಾ, ಸಲಾಮ.

ಗುಳಿಗೆ ಒಂದು ದಿನವೂ ತಪ್ಪಿಸಬೇಡಿ. ರಕ್ತ ತೆಳುವಾಗಿಸುವ ಗುಳಿಗೆಯನ್ನಂತೂ ಯಾರು ಹೇಳಿದರೂ ಬಿಡಬೇಡಿ, ಹಲ್ಲಿನವರು ಹೇಳಿದರೂ ಹೃದಯದ ಡಾಕ್ಟರನ್ನು ಕೇಳದೆ ಬಿಡಬೇಡಿ. ನಿಮ್ಮ ಹಲ್ಲಿನ ವಿಚಾರ ಆಮೇಲೆ ಮಾಡೋಣ.

ಅಮಜದ ಈ ಸಲವೂ ಹೇಳಿದ ದಿನಕ್ಕೆ ಬಂದಿದ್ದ. ಒಸಡಿನ ಒಳಗಿನ ಅಂಟು ತೆಗೆಯುವ ಕೆಲಸ ಮುಗಿಯಿತು. ಬ್ರಶ್ ಹಿಡಿಯುವುದನ್ನು ಇಪ್ಪತ್ತನಾಲ್ಕು ವರ್ಷದವನಿಗೆ ಕನ್ನಡಿ ಮುಂದೆ ನಿಲ್ಲಿಸಿ ಕಲಿಸಿದೆ. ಅಕ್ಕ, ನಾ ಬಾಲವಾಡಿಯವನೇನು ಅಂದ. ಬಾಲವಾಡಿಯವರು ನಿನಗಿಂತ ಚಲೋ ತಿಕ್ಕುತ್ತಾರೆ ಅಂದೆ. ಎಲುಬು ಸ್ವಲ್ಪ ಹೋಗಿದೆ, ಹೋದದ್ದು ಪೂರ್ತಿ ಬರುವುದಿಲ್ಲ. ಇದ್ದದ್ದು ಉಳಿಯಬಹುದು. ಮೂರು ತಿಂಗಳಿಗೊಮ್ಮೆ ಬರುತ್ತಿರಬೇಕು, ಯಾವಾಗಲೂ. ಕೊಡ ಮಾತ್ರ ಬೇಡ. ಬಾಯಿಂದ ಕೊಡ ಎತ್ತುವುದನ್ನು ಕೇಳಿ ನಮ್ಮ ಮೇಡಮ್ ಕುರ್ಚಿಯಲ್ಲಿ ಕೂತುಬಿಟ್ಟರು.

ಅಮಜದನೂ ನೀವೂ ಕೊಟ್ಟ ಜೊಲ್ಲು ನಮ್ಮ ವಿಭಾಗದ ಜೀನಿನ ಸಂಶೋಧನೆಯಲ್ಲಿ ಸೇರಿದೆ. ಹೆಸರು ಇರುವುದಿಲ್ಲ, ನಂಬರ್ ಅಷ್ಟೇ. ನಿಮ್ಮಲ್ಲಿ ಯಾವ ಜೀನ್ ಇದೆ ಅಂತ ನಿಮಗೂ ಹೇಳುವುದಿಲ್ಲ, ನನಗೂ ಹೇಳುವುದಿಲ್ಲ. ಗೊತ್ತಾದರೂ ಮಾಡುವುದು ಇದನ್ನೇ: ಒಸಡು ಚೊಕ್ಕ, ತಂಬಾಕು ದೂರ, ಎದೆಯ ತಪಾಸಣೆ. ನನ್ನ ಒಸಡಿನ ಕೆಲಸವೂ ಆಯಿತು, ಸುನಿತಾ ಮಾಡಿದಳು. ಈ ಸಲ ಹರಟೆ ನಿಲ್ಲಿಸಲಿಲ್ಲ.

ನಿಮ್ಮ ಮೊದಲ ಪತ್ರ ಓದಿದ ದಿನ ಅಮ್ಮ ಎದ್ದು ಹೋದದ್ದು ಬರೆದಿದ್ದೆ. ಮೊನ್ನೆ ತಾನಾಗಿ ಹೇಳಿದಳು. ಅಪ್ಪನ ದಿಂಬಿನ ಮೇಲೆ ಬೆಳಿಗ್ಗೆ ರಕ್ತದ ಕಲೆ ಇರುತ್ತಿತ್ತಂತೆ. ರಾಜನ ಮುದ್ರೆ ಅಂತ ಹೆಮ್ಮೆ ಪಡುತ್ತಿದ್ದಳಂತೆ. ಯಾರ ಕಣ್ಣೂ ಬೀಳಬಾರದು ಅಂತ ಎಲ್ಲರೂ ಏಳುವ ಮೊದಲೇ ತೊಳೆದು ಒಣಗಿಸುತ್ತಿದ್ದಳಂತೆ. ಅಷ್ಟು ಹೇಳಿ ಮತ್ತೆ ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋಗಲಿಲ್ಲ.

ಯುಗಾದಿಗೆ ನನಗೆ ಪರೀಕ್ಷೆ. ಬರಲಾಗುವುದಿಲ್ಲ. ಆಟದ ಸುದ್ದಿ ಪೂರ್ತಿ ಬರೆಯಿರಿ.

ನಿಮ್ಮ
ಅಲ್ಮಾಸ


ಸಂಖ
13 ಏಪ್ರಿಲ್ 2025

ಮಗಳು ಅಲ್ಮಾಸಗೆ ಇಸಾಕ ಕಾಕಾನ ದುವಾ. ಭಾಬಿಗೆ ಸಲಾಮ.

ಈ ವರ್ಷ ಯುಗಾದಿಯ ಮರುದಿನವೇ ಈದ್ ಬಂತು. ಹೋಳಿಗೆ ಅರಗೂದರೊಳಗ ಶೀರಕುರ್ಮಾ. ಅದರ ಮುಂದಿನ ಶನಿವಾರ ಆಟ ಇಟ್ಟೆವು.

ನನ್ನ ಮುಂದಿನ ಹಲ್ಲುಗಳ ಸುದ್ದಿ ಮೊದಲು. ಯಾವ ಇಕ್ಕಳವೂ ಮುಟ್ಟದ, ಒಂದು ಚಹಾದ ಬಶಿಯೊಳಗ ಬಿತ್ತು, ಇನ್ನೊಂದು ಮೂರು ದಿನ ತಡೆದು ಅದರ ಹಿಂದ ಹೋತು. ಅವ್ವನ ಆಣೆ ಉಳಿಯಿತು, ಹಲ್ಲು ಉಳಿಯಲಿಲ್ಲ. ಎದೆ ತನ್ನ ಪಾಡಿಗೆ ಹೊಡಕೊಂತ ಐತಿ. ಉಳಿದವನ್ನ ನಿಮ್ಮ ಹೃದಯದ ಡಾಕ್ಟರು ಹೂಂ ಅಂದ ದಿನ ನಾನ ಬಂದು ಕುರ್ಚಿ ಹತ್ತತೀನಿ. ಅವ್ವನಿಗೆ ಮೇಲೆ ಹೋದಾಗ ನಾನು ಉತ್ತರ ಕೊಡತೀನಿ. ಲಗೂ ಹೋಗೂದಿಲ್ಲ.

ನಾನು ಸೂತ್ರಧಾರನಾದೆ. ಪರದೆಯ ಮುಂದ ಬಂದು ಸಭಿಕರೇ ಅಂದೆ. ಸೀಟಿ ಹೊಡೀತು. ಮುಂದಿನ ಸಾಲು ನಕ್ಕಿತು, ನಗು ಹಿಂದಿನ ಸಾಲಿಗೆ ಹೋಗಿ ಮುಟ್ಟಿ ತಿರುಗಿ ಬಂತು. ನಾನು ನಿಂತೆ. ಮತ್ತ ಅಂದೆ. ಸೀಟಿ ಮತ್ತ ಬಂತು. ಮೂರನೆಯ ಸಲಕ್ಕ ಯಾರೂ ನಗಲಿಲ್ಲ.

'ಚಂಡಕೇತುವಿನ ಮುದ್ರೆ ಇಷ್ಟು ವರ್ಷ ನಮ್ಮ ಮನಿಯೊಳಗ ಇತ್ತು,' ಅಂದೆ. 'ಅದು ಪಾತ್ರದ ಮುದ್ರೆ ಅಲ್ಲ, ರೋಗದ್ದು. ನನಗ ಗೊತ್ತಿರಲಿಲ್ಲ. ನನ್ನ ತಂದೆಗೆ ಗೊತ್ತಿರಲಿಲ್ಲ. ಇನ್ನು ಮುಂದ ಯಾರ ಬಟ್ಟೆ ಬೆಳ್ಳಗಿರತೈತಿ ಅವನೇ ಕೊಡಕ್ಕ ಬಾಯಿ ಹಾಕಬೇಕು. ಕೆಂಪು ಬಿದ್ದವರು ನನ್ನ ಅಣ್ಣನ ಮಗಳ ಹತ್ತಿರ ಸಾಂಗಲಿಗೆ ಹೋಗಬೇಕು.'

ಆಮೇಲೆ ಬಟ್ಟೆ ಎತ್ತಿ ಹಿಡಿದೆ, ಸಿದ್ದಾರೂಢ ಬೆಳಿಗ್ಗೆ ಎಲ್ಲರೆದುರು ಕಚ್ಚಿದ್ದು. ದೀಪದ ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ತೋರಿಸಿದೆ. ಮಂದಿ ಕುತ್ತಿಗೆ ಉದ್ದ ಮಾಡಿ ನೋಡಿದರು. ಹೆಂಗಸರ ಕಡೆಯಿಂದ ಸಿದ್ದಲಿಂಗವ್ವನ ದನಿ ಬಂತು: 'ಇಸಾಕಣ್ಣ, ಆಟ ಮುಗದ ಮ್ಯಾಲೆ ಅರಿವಿ ಕೊಡ್ರಿ, ಮನ್ಯಾಗಿಂದು ಹರದೈತಿ.' ಅಲ್ಲಿಂದ ನಗು ಎದ್ದಿದ್ದು ಮೂರನೆಯ ಅಂಕದ ತನಕ ಇಳಿಯಲಿಲ್ಲ.

ಸಿದ್ದಾರೂಢ ಕೊಡ ಎತ್ತಿದ. ಬಾಯಿಮಟ ತುಂಬಿದ ಕೊಡ. ಒಂದು ಸುತ್ತು ಹಾಕಿದ. ನಾನು ಪರದೆಯ ಸೆರಗಿನಲ್ಲಿ ನಿಂತು, ಮಾತು ಹೇಳಿಕೊಡೂದು ಬಿಟ್ಟು ನೋಡಾಕತ್ತಿದ್ದೆ. ಎರಡನೆಯ ಸುತ್ತಿಗೆ ತಿರುಗಿದಾಗ ಸೋಮನಿಂಗಪ್ಪ ಮಾಸ್ತರರ ಕೈ ಹಾರ್ಮೋನಿಯಂ ಮೇಲೆ ನಿಂತುಬಿಟ್ಟಿತು. ಆ ಸುತ್ತು ಬಾಜಾ ಇಲ್ಲದ ನಡೀತು, ಹುಡುಗನ ಹೆಜ್ಜೆಯ ಸಪ್ಪಳ ಅಷ್ಟ. ಇಳಿಸಿದ. ನಕ್ಕ. ನಗು ನಿಮ್ಮಪ್ಪಂದಷ್ಟು ಇಲ್ಲ. ನಾನು ಕಲಿಸತೀನಿ. ಹಲ್ಲಿಲ್ಲದಿದ್ದರೂ ಕಲಿಸಾಕ ಬರತೈತಿ.

ಅಮಜದ ಭಾಲೆ ಹಿಡಕೊಂಡು ಸಿದ್ದಾರೂಢ ನಿಲ್ಲತಿದ್ದ ಜಾಗದೊಳಗ ನಿಂತಿದ್ದ. ಮೊದಲ ಅಂಕದೊಳಗ ಸಿಟ್ಟಿಲೆ ಮುಖ ಊದಿಸಿಕೊಂಡಿದ್ದ, ಕೊನೆಯ ಅಂಕದೊಳಗ ಎಲ್ಲರಿಗಿಂತ ಮೊದಲು ಜಯ ಅಂದ.

ಈ ಲಕೋಟೆಯೊಳಗ ಒಂದು ಬಟ್ಟೆ ಮಡಚಿ ಇಟ್ಟೀನಿ. ಆಟದ್ದಲ್ಲ, ಅದನ್ನ ಸಿದ್ದಲಿಂಗವ್ವ ಒಯ್ದಳು. ನಿನ್ನೆ ಅಮಜದನ್ನ ಅಂಗಡಿಗೆ ಕರೆದು, ಕೊಡ ಬ್ಯಾಡ, ಬರೀ ಬಟ್ಟೆ ಕಚ್ಚು ಅಂದೆ. ಕಚ್ಚಿದ. ಗಟ್ಟಿ ಕಚ್ಚು ಅಂದೆ. ಕಣ್ಣಾಗ ನೀರು ಬರೂ ಹಂಗ ಕಚ್ಚಿದ. ಅದೇ ಹಲಗೆಯ ಮೇಲೆ ಬಿಚ್ಚಿ ಇಬ್ಬರೂ ನೋಡಿದಿವಿ, ಬೆಳ್ಳಗಿತ್ತು.

ಭಾಬಿಗೆ ತೋರಿಸು. ಕೈಯೊಳಗ ಕೊಟ್ಟು ಒಂದು ಮಾತು ಹೇಳು, ಇದು ತೊಳೆದ ಬಟ್ಟೆ ಅಲ್ಲ ಅಂತ.

ನಿನ್ನ ಕಾಕಾ,
ಇಸಾಕ